ಜಾಗವಿಲ್ಲವೆಂದು ಚಿಕ್ಕದಲ್ಲ

ಮನೆಗೆ ಬಂದವರು ಹಜಾರದ ಮೂಲೆಯಲ್ಲಿರುವ ನನ್ನ ರೈಲನ್ನು ನೋಡಿ ಮೊದಲು ಹೇಳುವ ಮಾತು ಒಂದೇ. "ಪಾಪ, ಫ್ಲ್ಯಾಟು ಅಲ್ವಾ ಸಾರ್, ಜಾಗ ಎಲ್ಲಿರುತ್ತೆ? ಅದಕ್ಕೇ ಇಷ್ಟು ಚಿಕ್ಕದು ಮಾಡ್ಕೊಂಡಿದ್ದೀರ." ಹಳೆಯದೊಂದು ಫ್ಲಶ್ ಡೋರನ್ನು ಮಲಗಿಸಿ, ಅದರ ಮೇಲೆ ಹಳಿ ಜೋಡಿಸಿಕೊಂಡವನನ್ನು ಕಂಡು ಅವರಿಗೆ ನಿಜವಾಗಿಯೂ ಮರುಕ ಹುಟ್ಟುತ್ತದೆ. ದೊಡ್ಡ ಮನೆಯಿದ್ದಿದ್ದರೆ ದೊಡ್ಡ ರೈಲು ಇಟ್ಟುಕೊಳ್ಳುತ್ತಿದ್ದ, ಮಲ್ಲೇಶ್ವರದ ಹಳೇ ಮನೆ ಹೋಯಿತು, ಈಗ ಇಷ್ಟರಲ್ಲೇ ತೃಪ್ತಿಪಟ್ಟುಕೊಂಡಿದ್ದಾನೆ ಎಂಬ ಲೆಕ್ಕ. ಈ ಮರುಕವನ್ನು ನಾನು ಬಹಳ ದಿನ ಸುಮ್ಮನೆ ಸ್ವೀಕರಿಸಿದೆ. ಈಗ ವಾಪಸು ಕೊಡಬೇಕೆನ್ನಿಸಿದೆ. ಏಕೆಂದರೆ ಈ ಮಾತನ್ನು ರೈಲಿನ ಗಂಧವಿಲ್ಲದವರು ಮಾತ್ರ ಆಡುವುದಿಲ್ಲ. ಇದೇ ಹವ್ಯಾಸದಲ್ಲಿ ಮುಳುಗಿರುವ ಗೆಳೆಯರೂ ಆಡುತ್ತಾರೆ. ಇನ್ನೂ ಬೇಸರದ ಸಂಗತಿಯೆಂದರೆ, ಚಿಕ್ಕ ರೈಲು ಇಟ್ಟುಕೊಂಡವರೇ ತಲೆ ತಗ್ಗಿಸಿಕೊಂಡು ಆಡುತ್ತಾರೆ.

ಮೊದಲು ಎರಡು ಪದಗಳನ್ನು ಬಿಡಿಸಿಡುತ್ತೇನೆ. ಸ್ಕೇಲ್ ಬೇರೆ, ಗೇಜ್ ಬೇರೆ. ನಿಜವಾದ ವಸ್ತುವನ್ನು ಎಷ್ಟರಿಂದ ಭಾಗಿಸಿದ್ದೀರಿ ಎನ್ನುವುದು ಸ್ಕೇಲ್. ಎರಡು ಹಳಿಗಳ ನಡುವಿನ ಅಂತರ ಗೇಜ್. ಲೋಕದಲ್ಲಿ ಅತಿ ಹೆಚ್ಚು ಚಾಲ್ತಿಯಲ್ಲಿರುವುದು ಎಚ್‌ಒ. ಎಲ್ಲವನ್ನೂ 87ರಿಂದ ಭಾಗಿಸಿ, 16.5 ಮಿ.ಮೀ. ಹಳಿಯ ಮೇಲೆ ಓಡಿಸುವುದು. ಒ ಸ್ಕೇಲಿನ ಅರ್ಧವಾದ್ದರಿಂದ ಆ ಹೆಸರು. ನನ್ನದು ಎನ್. 160ರಿಂದ ಭಾಗಿಸಿದ್ದು, 9 ಮಿ.ಮೀ. ಹಳಿ, ಒಂಬತ್ತಕ್ಕೆ ಇಂಗ್ಲಿಷಿನಲ್ಲೂ ಜರ್ಮನ್ನಿನಲ್ಲೂ ಎನ್ ಅಕ್ಷರವೇ ಮೊದಲು ಬರುತ್ತದಾದ್ದರಿಂದ ಆ ಹೆಸರು. 1962ರಲ್ಲಿ ಜರ್ಮನಿಯ ಆರ್ನಾಲ್ಡ್ ಕಂಪನಿ 9 ಮಿ.ಮೀ. ರೈಲನ್ನು ಮಾರುಕಟ್ಟೆಗೆ ತಂದಿತು. ಹತ್ತು ವರ್ಷದ ನಂತರ, 1972ರಲ್ಲಿ, ಮಾರ್ಕ್ಲಿನ್ ಕಂಪನಿ ಜೆಡ್ ಎಂಬ ಇನ್ನೂ ಚಿಕ್ಕದನ್ನು ತಂದಿತು: 220ರಿಂದ ಭಾಗಿಸಿದ್ದು, 6.5 ಮಿ.ಮೀ. ಹಳಿ. ಇಷ್ಟು ಗೊತ್ತಿದ್ದರೆ ಮುಂದಿನ ಜಗಳಕ್ಕೆ ಸಾಕು.

ಈಗ ಜಾಗದ ಮಾತು. ಒಂದು ಎಂಟಡಿ-ನಾಲ್ಕಡಿ ಪ್ಲೈವುಡ್ ಹಾಳೆ ತೆಗೆದುಕೊಳ್ಳಿ. ಎಚ್‌ಒದಲ್ಲಿ ಅದರ ಮೇಲೆ ಹಿಡಿಸುವುದು 106 ಮೀಟರ್ ಅಗಲ, 212 ಮೀಟರ್ ಉದ್ದದ ಲೋಕ, ಅಂದರೆ ಸುಮಾರು ಐದೂವರೆ ಎಕರೆ. ಎನ್‌ನಲ್ಲಿ ಅದೇ ಹಾಳೆ 195 ಮೀಟರ್ ಅಗಲ, 390 ಮೀಟರ್ ಉದ್ದವಾಗುತ್ತದೆ. ಹತ್ತಿರ ಹತ್ತಿರ 19 ಎಕರೆ. ಎಚ್‌ಒ ಗೆಳೆಯರು ಇದನ್ನು ನೋಡಿ, "ನೋಡಿದಿರಾ, ಜಾಗದ ಮಾತೇ ಬಂತಲ್ಲ" ಎನ್ನಬಹುದು. ಅಲ್ಲ ಸ್ವಾಮಿ. ನಾನು ಹೇಳುತ್ತಿರುವುದು ಮನೆಯ ಜಾಗವಲ್ಲ, ಊರಿನ ಜಾಗ. ಹಾಳೆ ಅಷ್ಟೇ ದೊಡ್ಡದು. ಅದರೊಳಗೆ ಎಷ್ಟು ಊರು ಹಿಡಿಸುತ್ತದೆ ಎಂಬುದು ಪ್ರಶ್ನೆ.

ದೊಡ್ಡ ಮನೆಯಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಒಂದು ಕಿಲೋಮೀಟರ್ ಹಳಿ ಎಚ್‌ಒದಲ್ಲಿ ಹನ್ನೊಂದೂವರೆ ಮೀಟರ್ ಆಗುತ್ತದೆ. ಬಸವನಗುಡಿಯ ಯಾವ ಹಜಾರದಲ್ಲಿ, ಚಾಮರಾಜಪೇಟೆಯ ಯಾವ ಪಡಸಾಲೆಯಲ್ಲಿ ಹನ್ನೊಂದೂವರೆ ಮೀಟರ್ ಖಾಲಿ ಬಿದ್ದಿತ್ತು? ಎನ್‌ನಲ್ಲಿ ಅದು ಆರೂಕಾಲು ಮೀಟರ್. ಅದೂ ನನ್ನ ಬಾಗಿಲಿನ ಮೇಲೆ ಹಿಡಿಸುವುದಿಲ್ಲ. ರೈಲ್ವೆ ಎನ್ನುವುದೇ ಮನೆಯೊಳಗೆ ಹಿಡಿಸದ ವಸ್ತು. ಅರಮನೆಯವರಿಗೂ ಜಾಗವಿಲ್ಲ, ಫ್ಲ್ಯಾಟಿನವರಿಗೂ ಜಾಗವಿಲ್ಲ. ಹಾಗಾಗಿ ಎಲ್ಲರೂ ಏನನ್ನೋ ಕತ್ತರಿಸಲೇಬೇಕು. ಏನನ್ನು ಕತ್ತರಿಸುತ್ತೀರಿ ಎನ್ನುವುದರಲ್ಲಿ ನಿಮ್ಮ ಮನಸ್ಸು ಗೊತ್ತಾಗುತ್ತದೆ. ಎಚ್‌ಒದವರು ಊರನ್ನು ಕತ್ತರಿಸಿ ಎಂಜಿನ್ ಉಳಿಸಿಕೊಳ್ಳುತ್ತಾರೆ. ನಾನು ಎಂಜಿನ್ನಿನ ನಟ್ಟು ಬೋಲ್ಟುಗಳನ್ನು ಬಿಟ್ಟುಕೊಟ್ಟು ಊರನ್ನು ಉಳಿಸಿಕೊಳ್ಳುತ್ತೇನೆ.

ನಮ್ಮೂರಿನ ಅಳತೆಯಲ್ಲೇ ಹೇಳುತ್ತೇನೆ. 30-40ರ ಒಂದು ಸೈಟು ಎಚ್‌ಒದಲ್ಲಿ ಅಂಚೆ ಕಾರ್ಡಿನಷ್ಟಾಗುತ್ತದೆ: ಹತ್ತೂವರೆ ಸೆಂ.ಮೀ.ಗೆ ಹದಿನಾಲ್ಕು. ಎನ್‌ನಲ್ಲಿ ಅದು ವಿಸಿಟಿಂಗ್ ಕಾರ್ಡಿಗಿಂತ ಸ್ವಲ್ಪ ಗಿಡ್ಡ. ಒಂದು ದೊಡ್ಡ ಮಳೆಮರದ ಹರವು 25 ಮೀಟರ್ ಎಂದಿಟ್ಟುಕೊಳ್ಳಿ. ಎಚ್‌ಒದಲ್ಲಿ ಆ ಒಂದು ಮರವೇ 29 ಸೆಂ.ಮೀ. ನುಂಗುತ್ತದೆ, ಹಾಳೆಯ ಅಗಲದ ಕಾಲು ಭಾಗ. ಹೀಗಾಗಿ ಎಚ್‌ಒದವರು ಮಾಡುವುದೇನು? ಮರವನ್ನು ಕುಬ್ಜ ಮಾಡುತ್ತಾರೆ. ಎಂಜಿನ್ನನ್ನು ಮಾತ್ರ ಮಿಲಿಮೀಟರಿಗೆ ತಕ್ಕಂತೆ ಇಟ್ಟು, ಮರ, ಮನೆ, ರಸ್ತೆಗಳನ್ನೆಲ್ಲ ಕುಗ್ಗಿಸುತ್ತಾರೆ. ಮರಗಳು ಕುಗ್ಗಿದ ಮೇಲೆ ಅದು ಮಲ್ಲೇಶ್ವರ ಹೇಗಾದೀತು?

"ಆದರೆ ವಿವರ?" ಎಂದು ಕೇಳುತ್ತಾರೆ. ಇದು ಅವರ ಪಾಳೆಯದ ಗಟ್ಟಿ ವಾದ, ಒಪ್ಪುತ್ತೇನೆ. ಎಚ್‌ಒದಲ್ಲಿ ಮನುಷ್ಯ ಸುಮಾರು ಎರಡು ಸೆಂ.ಮೀ. ಎತ್ತರವಿರುತ್ತಾನೆ, ಮುಖ ಕಾಣುತ್ತದೆ. ಬೋಗಿಯ ನಂಬರು ಓದಬಹುದು. ಎಂಜಿನ್ನಿನ ಕೈಪಿಡಿ, ಮೆಟ್ಟಿಲು, ಪೈಪು, ಎಲ್ಲಕ್ಕೂ ಅದರದರ ಜಾಗವಿದೆ. ಎನ್‌ನಲ್ಲಿ ಮನುಷ್ಯ ಒಂದು ಸೆಂ.ಮೀ., ಅಷ್ಟೇ. ಮುಖವಿಲ್ಲ. ಆದರೆ ಯೋಚಿಸಿ, ಎಂಜಿನ್ನಿನ ವಿವರವನ್ನು ಕಾಪಾಡಲು ನಾವೇ ಬೇಕೆ? ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಆ ಕೆಲಸ ಮಾಡುತ್ತಿದೆ. ಉಗಿಬಂಡಿಗಳನ್ನು ಒಂದಕ್ಕೆ ಒಂದರ ಸ್ಕೇಲಿನಲ್ಲಿ ಅಲ್ಲಿ ನಿಲ್ಲಿಸಿದ್ದಾರೆ, ಮಹಾರಾಜರ ಮನೆತನದ ಬೋಗಿಗಳೂ ಇವೆ. ರಿವೆಟ್ ಎಣಿಸಬೇಕಾದವರು ಮೈಸೂರು ರೈಲು ಹತ್ತಿದರಾಯಿತು, ಮುಟ್ಟಿಯೂ ನೋಡಬಹುದು.

ಆ ಮ್ಯೂಸಿಯಂಗೆ ಆಗದ ಕೆಲಸ ಒಂದಿದೆ. ಎಂಜಿನ್ನನ್ನು ಎತ್ತಿ ತಂದು ನಿಲ್ಲಿಸಬಹುದು. ಸ್ಟೇಷನ್ನಿಗೂ ಮನೆಗೂ ಇದ್ದ ದೂರವನ್ನು ಎತ್ತಿ ತರುವುದು ಹೇಗೆ? ಹಳಿಯ ಪಕ್ಕದ ಗೋಡೆ, ಗೋಡೆಯ ಆಚೆಯ ಹಿತ್ತಲು, ಹಿತ್ತಲಿನ ಸಂಪಿಗೆ ಮರ, ಮರದಾಚೆ ಮಂಕಿ ಟಾಪ್ ಕಿಟಕಿಯ ಮನೆ, ಆ ಮನೆಯ ಮಹಡಿಯಿಂದ ಎಷ್ಟು ಬೋಗಿ ಕಾಣುತ್ತಿತ್ತು? ಇವುಗಳ ನಡುವಿನ ಸಂಬಂಧವನ್ನು ಯಾವ ಮ್ಯೂಸಿಯಂನ ಅಂಗಳದಲ್ಲೂ ನಿಲ್ಲಿಸಲು ಬರುವುದಿಲ್ಲ. ಅದಕ್ಕೆ ಎಲ್ಲವನ್ನೂ ಒಟ್ಟಿಗೆ ಚಿಕ್ಕದು ಮಾಡಬೇಕು. ನೋಟದ ಲೆಕ್ಕವೂ ಹೀಗೇ. ಎನ್ ಲೇಔಟಿನಿಂದ ಅರ್ಧ ಮೀಟರ್ ದೂರದಲ್ಲಿ ನಿಂತರೆ ನಿಜದಲ್ಲಿ 80 ಮೀಟರ್ ದೂರ ನಿಂತಂತೆ. ಈ ಬಡಾವಣೆಗಳಲ್ಲಿ ಬೆಳೆದ ನಮ್ಮಲ್ಲಿ ಹೆಚ್ಚಿನವರು ರೈಲು ನೋಡಿದ್ದು ಅಷ್ಟು ದೂರದಿಂದಲೇ. ಮಹಡಿ ಮೇಲಿಂದ, ಸೇತುವೆ ಮೇಲಿಂದ, ಗೇಟು ಹಾಕಿದಾಗ ಸೈಕಲ್ ಮೇಲೆ ಒಂದು ಕಾಲೂರಿಕೊಂಡು. ಡ್ರೈವರನ ಮುಖ ನಮಗೆ ಆಗಲೂ ಕಾಣುತ್ತಿರಲಿಲ್ಲ. ಕೈ ಬೀಸಿದ್ದು ಮಾತ್ರ ಕಾಣುತ್ತಿತ್ತು. ಒಂದು ಸೆಂ.ಮೀ. ಮನುಷ್ಯನಿಗೆ ಕೈ ಬೀಸಲು ಬರುತ್ತದೆ.

ಎರಡನೆಯ ವಾದ ಇನ್ನೂ ಜೋರಾಗಿ ಬರುತ್ತದೆ. "ಎನ್‌ನಲ್ಲಿ ನಮ್ಮ ರೈಲು ಎಲ್ಲಿ ಸಿಗುತ್ತದೆ? ಹಳಿಯ ಅಳತೆಯೇ ತಪ್ಪು." ಅಳತೆ ತಪ್ಪು ಹೌದು. ಭಾರತದ ಬ್ರಾಡ್ ಗೇಜ್ 1676 ಮಿ.ಮೀ. ಎನ್‌ನ 9 ಮಿ.ಮೀ. ಹಳಿಯನ್ನು 160ರಿಂದ ಗುಣಿಸಿದರೆ ಬರುವುದು 1440. ಶೇಕಡಾ 14ರಷ್ಟು ಕಡಿಮೆ. ಆದರೆ ಎಚ್‌ಒದಲ್ಲೂ ಅದೇ ಕಥೆ. 16.5 ಗುಣಿಸು 87 ಎಂದರೆ 1435. ಇಬ್ಬರ ಹಳಿಯೂ ಯೂರೋಪಿನ ಸ್ಟ್ಯಾಂಡರ್ಡ್ ಗೇಜಿಗಾಗಿ ಹುಟ್ಟಿದ್ದು. ತಮಾಷೆಯೆಂದರೆ, ಬೆಂಗಳೂರಿನಲ್ಲಿ ಅಂಗಡಿಯ ಹಳಿಗೆ ಸರಿಯಾಗಿ ಹೊಂದುವ ರೈಲು ಒಂದೇ, ನಮ್ಮ ಮೆಟ್ರೋ. ಅದು 1435 ಮಿ.ಮೀ. ಗೇಜಿನದು.

ಹಾಗಾದರೆ ಬೇರೆ ದೇಶದವರು ಏನು ಮಾಡಿದರು? ಬ್ರಿಟನ್ನಿನವರ ಒಒ ಸ್ಕೇಲ್ ನೋಡಿ. ಅವರ ಎಂಜಿನ್‌ಗಳು ಗಾತ್ರದಲ್ಲಿ ಸಣ್ಣವು, ಅಂದಿನ ಮೋಟಾರು ಎಚ್‌ಒ ಅಳತೆಯ ಒಡಲೊಳಗೆ ಹಿಡಿಸಲಿಲ್ಲ. ಒಡಲನ್ನು 76ರ ಲೆಕ್ಕಕ್ಕೆ ಹಿಗ್ಗಿಸಿದರು, ಹಳಿಯನ್ನು 16.5ರಲ್ಲೇ ಬಿಟ್ಟರು. ಅಲ್ಲಿಗೆ ಹಳಿ ಶೇಕಡಾ 12ರಷ್ಟು ಕಿರಿದಾಯಿತು. ಇವತ್ತಿಗೂ ಅವರು ಅದರಲ್ಲೇ ತಮ್ಮ ಊರೂರಿನ ಸ್ಟೇಷನ್ ಕಟ್ಟುತ್ತಿದ್ದಾರೆ. ಜಪಾನಿನವರ ಮುಖ್ಯ ಮಾರ್ಗಗಳಲ್ಲಿ ಬಹುಪಾಲು 1067 ಮಿ.ಮೀ. ಗೇಜ್. ಅದನ್ನು 150ರಿಂದ ಭಾಗಿಸಿ 9 ಮಿ.ಮೀ. ಹಳಿಯ ಮೇಲೆ ನಿಲ್ಲಿಸಿದಾಗ ಹಳಿ ಶೇಕಡಾ 26ರಷ್ಟು ಅಗಲವಾಗುತ್ತದೆ. ಅವರು ಅದನ್ನೊಂದು ಅಡ್ಡಿಯೆಂದು ಎಣಿಸಲಿಲ್ಲ. ಜಪಾನಿನಲ್ಲಿ ಎನ್ ಮನೆಮಾತಾಯಿತು. ಹಳ್ಳಿಯ ಒಂಟಿ ಬೋಗಿಯ ರೈಲು, ಮೂಲೆಯ ಅಂಗಡಿ, ದೇವಸ್ಥಾನದ ಮೆಟ್ಟಿಲು, ವಿದ್ಯುತ್ ಕಂಬ ಎಲ್ಲವೂ ಅದರೊಳಗೆ ಬಂದವು. ನಮ್ಮ ಶೇಕಡಾ 14 ಈ ಎರಡರ ನಡುವೆ ಎಲ್ಲೋ ಇದೆ. ತಪ್ಪು ಅಳತೆ ಅವರನ್ನು ಹೊರಗಿನವರನ್ನಾಗಿ ಮಾಡಲಿಲ್ಲ. ನಾವು ಮಾತ್ರ ಅಳತೆ ತಪ್ಪೆಂದು ಹೇಳಿ ಸ್ವಿಟ್ಜರ್ಲೆಂಡಿನ ಬೆಟ್ಟ ಕಟ್ಟುತ್ತಾ ಕೂತಿದ್ದೇವೆ.

ಇನ್ನು ನಮ್ಮ ಹಳೇ ಮೀಟರ್ ಗೇಜ್. 1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರು ಮುಟ್ಟಿದ ಹಳಿ ಅದು. ಮಲ್ಲೇಶ್ವರದ ಪಕ್ಕದಿಂದ ತುಮಕೂರು, ಅರಸೀಕೆರೆಯ ಕಡೆಗೆ ಹೋದದ್ದೂ ಅದೇ. ಒಂದು ಸಾವಿರ ಮಿ.ಮೀ. ಅಗಲ. ಅದನ್ನು 160ರಿಂದ ಭಾಗಿಸಿದರೆ 6.25. ಜೆಡ್‌ನವರ 6.5 ಮಿ.ಮೀ. ಹಳಿ ಸಿದ್ಧವಾಗಿಯೇ ಇದೆ. ತಪ್ಪು ಶೇಕಡಾ 4 ಮಾತ್ರ. ಅಂದರೆ ನಾವು ಕಳೆದುಕೊಂಡ ರೈಲನ್ನೇ ಎನ್ ಸ್ಕೇಲಿನಲ್ಲಿ ಹೆಚ್ಚುಕಡಿಮೆ ಸರಿಯಾದ ಹಳಿಯ ಮೇಲೆ ಓಡಿಸಬಹುದು. ಎಚ್‌ಒದಲ್ಲೂ 12 ಮಿ.ಮೀ. ಹಳಿ ಹಾಕಿ ಹೀಗೇ ಮಾಡಬಹುದು, ನಿಜ. ಆದರೆ ಒಂದು ಎಂಜಿನ್, ಎಂಟು ಬೋಗಿಯ ಮೀಟರ್ ಗೇಜ್ ಗಾಡಿ ಸುಮಾರು 180 ಮೀಟರ್ ಉದ್ದ. ಎಚ್‌ಒದಲ್ಲಿ ಅದು ಎರಡು ಮೀಟರ್ ದಾಟುತ್ತದೆ. ಎಂಟಡಿ ಹಾಳೆಯ ಮೇಲೆ ಅದು ಓಡುವುದಿಲ್ಲ, ಮಲಗಿರುತ್ತದೆ. ಎನ್‌ನಲ್ಲಿ ಒಂದು ಮೀಟರ್ ಚಿಲ್ಲರೆ. ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಲು ಜಾಗವಿದೆ. ರೈಲು ಎಂದರೆ ಬಂದು ಹೋಗುವುದು ತಾನೆ?

ಇಷ್ಟು ಹೇಳಿದವನು ನಮ್ಮ ಎನ್ ಪಾಳೆಯವನ್ನೂ ಬಿಡುವಂತಿಲ್ಲ. ಚಿಕ್ಕ ಸ್ಕೇಲ್ ಸಿಕ್ಕಿದೆಯೆಂದು ಬಾಗಿಲ ತುಂಬ ಹಳಿಯನ್ನೇ ಸುತ್ತುವವರು ನಮ್ಮಲ್ಲಿ ಬಹಳ. ನಾಲ್ಕು ಸುತ್ತು ಹಳಿ, ಮೂರು ಸುರಂಗ, ಎರಡು ಸೇತುವೆ, ನಡುವೆ ಅಂಗೈಯಗಲ ಹುಲ್ಲು. "ನನ್ನ ಬಳಿ ಏಕಕಾಲಕ್ಕೆ ಐದು ರೈಲು ಓಡುತ್ತವೆ" ಎಂಬ ಹೆಮ್ಮೆ. ಸಿಕ್ಕ 19 ಎಕರೆಯನ್ನು ಹೀಗೆ ಹಾಳುಮಾಡುವುದಾದರೆ ಎಚ್‌ಒದವರೇ ವಾಸಿ. ಅವರ ಬಳಿ ಒಂದು ಒಳ್ಳೆಯ ಎಂಜಿನ್ ಆದರೂ ಇರುತ್ತದೆ. ನಮ್ಮೂರಿನಲ್ಲಿ ಲೇಔಟ್ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಇಂಚಿಂಚೂ ಸೈಟು ಮಾಡಿ, ಪಾರ್ಕು ನುಂಗಿ, ಮರ ಕಡಿದು, ಕೊನೆಗೆ ಉಸಿರಾಡಲು ಜಾಗವಿಲ್ಲದಂತೆ ಮಾಡುವುದು. ಆಟದ ಲೇಔಟಿನಲ್ಲೂ ಅದನ್ನೇ ಮಾಡಬೇಕೆ? 1892ರಲ್ಲಿ ಚಾಮರಾಜಪೇಟೆಗೂ, 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳಿಗೂ ಗೆರೆ ಎಳೆದವರು ಕಾಗದದ ಮೇಲೆ, ಸ್ಕೇಲ್ ಇಟ್ಟುಕೊಂಡೇ ಎಳೆದರು. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಮರಗಳಿಗೆ ಜಾಗ. ಗಾಳಿಯಾಡಲೆಂದು ಬಿಟ್ಟ ಜಾಗವದು. ಅದನ್ನು ನೆನಪಿಟ್ಟುಕೊಂಡು ನಮ್ಮ ಹಾಳೆಯ ಮೇಲೂ ಖಾಲಿ ಜಾಗ ಬಿಡಬೇಕು.

ಕೆಲವರು ಗೊಂಬೆ ಹಬ್ಬವನ್ನು ಎದುರಿಗೆ ತರುತ್ತಾರೆ. "ನಮ್ಮಲ್ಲಿ ಸ್ಕೇಲ್ ಎಂಬ ಕಟ್ಟುಪಾಡು ಎಲ್ಲಿತ್ತು? ದಸರಾದಲ್ಲಿ ಅಜ್ಜಿ ಮಾಡುತ್ತಿದ್ದ ಪಾರ್ಕಿನಲ್ಲಿ ರಾಗಿ ಪೈರೇ ಕಾಡು, ಕನ್ನಡಿಯೇ ಕೆರೆ, ಚನ್ನಪಟ್ಟಣದ ರೈಲು ಅರಮನೆಗಿಂತ ದೊಡ್ಡದು. ಯಾರಿಗೂ ತೊಂದರೆಯಾಗಲಿಲ್ಲ." ಈ ವಾದದ ಮುಂದೆ ನನಗೆ ಸ್ವಲ್ಪ ಮೆತ್ತಗಾಗುತ್ತದೆ. ಈ ಹವ್ಯಾಸಕ್ಕೆ ನಾನು ಬಂದದ್ದೂ ಆ ರಾಗಿ ಪೈರಿನ ಕಾಡಿನ ಮೂಲಕವೇ. ಆದರೆ ಗೊಂಬೆ ಮೆಟ್ಟಿಲಲ್ಲಿ ಅಳತೆ ಇಲ್ಲವೆನ್ನುವುದು ತಪ್ಪು. ಅಲ್ಲಿ ಮರ್ಯಾದೆಯೇ ಅಳತೆ. ಪಟ್ಟದ ಗೊಂಬೆ ದೊಡ್ಡದು, ಮೇಲಿನ ಮೆಟ್ಟಿಲು. ಶೆಟ್ಟಿ ಅಂಗಡಿ ಕೆಳಗೆ, ಪುಟ್ಟದು. ಹಬ್ಬಕ್ಕೆ ಅದು ಸರಿ. ಎಚ್‌ಒದವರು ಎಂಜಿನ್ನನ್ನು ಪಟ್ಟದ ಗೊಂಬೆ ಮಾಡಿ, ಊರನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿದ್ದೂ ಇದೇ ನ್ಯಾಯದಿಂದ. ಸ್ಕೇಲಿನ ನ್ಯಾಯ ಬೇರೆ. ಅಲ್ಲಿ ಎಲ್ಲರಿಗೂ ಒಂದೇ ಭಾಜಕ. ಸ್ಟೇಷನ್ ಮಾಸ್ಟರನನ್ನೂ 160ರಿಂದ ಭಾಗಿಸಬೇಕು, ಹೂ ಮಾರುವವಳನ್ನೂ 160ರಿಂದಲೇ. ಗೋಪುರಕ್ಕೆ ರಿಯಾಯಿತಿ ಇಲ್ಲ. ಒಂದು ಸಂಖ್ಯೆ ಆರಿಸಿಕೊಂಡ ಮೇಲೆ ಅದಕ್ಕೆ ನಿಷ್ಠನಾಗಿರುವುದು, ಪ್ರೀತಿಯ ವಸ್ತುವಿಗೂ ಪಕ್ಷಪಾತ ಮಾಡದಿರುವುದು, ಈ ಹವ್ಯಾಸ ಕಲಿಸುವ ಒಂದೇ ಒಂದು ನೀತಿ. ಆ ನೀತಿಯನ್ನು ಊರಿಗೂ ಅನ್ವಯಿಸಬೇಕಾದರೆ ಊರು ಹಾಳೆಯೊಳಗೆ ಬರಬೇಕು. ಬರಬೇಕಾದರೆ ಭಾಜಕ ದೊಡ್ಡದಾಗಬೇಕು.

ಎನ್‌ನ ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಕಣ್ಣು ಬೇಕು. ಐವತ್ತು ದಾಟಿದವರಿಗೆ ಬೋಗಿಯ ಗಾಲಿಯನ್ನು ಹಳಿಯ ಮೇಲೆ ಕೂರಿಸುವುದೇ ಒಂದು ವ್ರತ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯಬೇಕು. ಕೈ ನಡುಗುವವರಿಗೆ ಎಚ್‌ಒ ವಾಸಿ. ಎಂಜಿನ್ ಹಗುರವಾದ್ದರಿಂದ ಹಳಿಯ ಮೇಲೆ ಒಂದು ಪದರ ಧೂಳು ಕೂತರೂ ಕರೆಂಟು ಹಿಡಿಯದೆ ನಿಂತುಬಿಡುತ್ತದೆ, ಬೆಂಗಳೂರಿನ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಚಿಕ್ಕ ಮಕ್ಕಳ ಕೈಗೆ ಕೊಡುವ ವಸ್ತು ಅಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಓಡುತ್ತಿದ್ದ 762 ಮಿ.ಮೀ. ನ್ಯಾರೋ ಗೇಜ್ ಗಾಡಿಯನ್ನು ಮಾಡುವವರಿದ್ದರೆ ನಾನೇ ಎಚ್‌ಒ ಕಡೆ ಕೈ ತೋರಿಸುತ್ತೇನೆ. 87ರಿಂದ ಭಾಗಿಸಿದರೆ ಅದು 8.76 ಆಗಿ, ಎನ್‌ನ 9 ಮಿ.ಮೀ. ಹಳಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಎನ್‌ನಲ್ಲಿ ಆ ಗಾಡಿಗೆ ಸುಮಾರು ಐದು ಮಿ.ಮೀ. ಹಳಿಯನ್ನು ನೀವೇ ಎಳೆದುಕೊಳ್ಳಬೇಕು. ನಮ್ಮ ರೈಲಿನ ಬೋಗಿ, ಎಂಜಿನ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕೆನ್ನುವುದೂ ನಿಜ. ಆದರೆ ಇದನ್ನು ಕೊರತೆಯೆಂದು ನಾನು ಒಪ್ಪುವುದಿಲ್ಲ. ಕೊಳ್ಳಲು ಸಿಗದಿದ್ದರೆ ಅಳೆಯಲು ಹೋಗುತ್ತೇವೆ. ಅಳೆಯಲು ಹೋದರೆ ನೋಡುತ್ತೇವೆ.

ಈ ಜಗಳ ಆಟದ ಸಾಮಾನಿನ ಜಗಳವಾಗಿ ಉಳಿಯದಿರುವುದು ಇಲ್ಲಿಯೇ. 1992ರಲ್ಲಿ ಯುನಿಗೇಜ್ ಯೋಜನೆ ಶುರುವಾಯಿತು. ಆ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನ ಮೀಟರ್ ಗೇಜ್ ಹೆಚ್ಚುಕಡಿಮೆ ಮಾಯವಾಗಿತ್ತು. ಬ್ರಾಡ್ ಗೇಜ್ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಗಾಡಿ ಬದಲಾಯಿಸುವ, ಸರಕು ಇಳಿಸಿ ಹತ್ತಿಸುವ ಗೋಳು ತಪ್ಪಿತು. ಆದರೆ ಈಗ ಮೂವತ್ತು ತುಂಬದ ಬೆಂಗಳೂರಿಗರಲ್ಲಿ ಮಲ್ಲೇಶ್ವರದ ಪಕ್ಕ ಆ ಕಿರಿದಾದ ಹಳಿಯ ಮೇಲೆ ಗಾಡಿ ಓಡಿದ್ದನ್ನು ಕಂಡವರಿಲ್ಲ. ಎಂಜಿನ್ ಮೈಸೂರಿನಲ್ಲಿ ಸಿಗುತ್ತದೆ, ಫೋಟೋ ಸಿಗುತ್ತದೆ. ಆದರೆ ಫೋಟೋ ತೆಗೆದವರೆಲ್ಲ ಎಂಜಿನ್ನಿಗೇ ಕ್ಯಾಮೆರಾ ತಿರುಗಿಸಿದರು. ಹಿನ್ನೆಲೆಯಲ್ಲಿ ಮಸುಕಾಗಿ ಇರುವ ಮನೆ ಯಾರದು, ಗೇಟಿನ ಪಕ್ಕದ ಮರ ಯಾವುದು, ರಾಜಾ ಮಿಲ್ಲಿನ ಗೋಡೆ ಎಲ್ಲಿ ಮುಗಿಯುತ್ತಿತ್ತು, ಇವನ್ನು ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು. ಆ ಮನೆಗಳೂ ವರ್ಷಕ್ಕಿಷ್ಟು ಎಂದು ಉರುಳುತ್ತಿವೆ. ಕೆಂಪು ಗಾರೆಯ ನೆಲ, ಮಂಕಿ ಟಾಪು ಎಲ್ಲ ಲಾರಿ ಹತ್ತುವುದಕ್ಕೆ ಎರಡು ದಿನ ಸಾಕು.

ಈ ಹವ್ಯಾಸದಲ್ಲಿರುವ ನಮ್ಮ ಬಳಿ ಅಳತೆಪಟ್ಟಿ ಇದೆ, ತಾಳ್ಮೆ ಇದೆ, ಭಾಗಾಕಾರ ಬರುತ್ತದೆ. ಒಂದು ಬೀದಿಯನ್ನು ಅದರ ಅಳತೆ ಕೆಡಿಸದೆ ಉಳಿಸಿಕೊಳ್ಳಲು ಬೇಕಾದದ್ದೆಲ್ಲ ನಮ್ಮ ಕೈಯಲ್ಲಿದೆ. ಇಷ್ಟಿದ್ದೂ ನಾವು ಆಲ್ಪ್ಸ್ ಬೆಟ್ಟಕ್ಕೆ ಹತ್ತಿ ಅಂಟಿಸಿ ಹಿಮ ಮಾಡುತ್ತಿದ್ದೇವೆ. ಎಚ್‌ಒ ಮೇಲಿನ ನನ್ನ ಸಿಟ್ಟಿನ ಬೇರು ಇದು. ಅಷ್ಟು ದೊಡ್ಡ ರೈಲನ್ನು ಕೊಂಡವನಿಗೆ ಊರು ಮಾಡುವ ದಾರಿಯೇ ಮುಚ್ಚಿಹೋಗುತ್ತದೆ. ಸುತ್ತ ಏನಿದ್ದರೇನು ಎಂಬ ಮನಸ್ಸು ತಾನಾಗಿಯೇ ಬರುತ್ತದೆ.

ಹಾಗಾಗಿ ಹೊಸದಾಗಿ ಶುರುಮಾಡುವವರಿಗೆ ನನ್ನ ಮಾತು ಇಷ್ಟೆ. ಮನೆ ಎಷ್ಟು ದೊಡ್ಡದಿದೆ ಎಂದು ನೋಡಿ ಸ್ಕೇಲ್ ಆರಿಸಬೇಡಿ. ಏನನ್ನು ಬಿಡಲಾರಿರಿ ಎಂದು ಕೇಳಿಕೊಳ್ಳಿ. ಎಂಜಿನ್ನನ್ನೇ ಬಿಡಲಾರೆ ಎಂದರೆ ಎಚ್‌ಒ ತೆಗೆದುಕೊಳ್ಳಿ, ಹಳಿಯ ಗೊಡವೆಯೂ ಬೇಡ, ಗಾಜಿನ ಪೆಟ್ಟಿಗೆಯಲ್ಲಿಡಿ, ಚೆನ್ನಾಗಿ ಕಾಣುತ್ತದೆ. ರೈಲು ನೋಡುತ್ತಿದ್ದ ಬೀದಿಯನ್ನು ಬಿಡಲಾರೆ ಎಂದರೆ ಎನ್. ಒಂದು ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಹೊರಡಿ. ಕಾಂಪೌಂಡಿನ ಎತ್ತರ, ಫುಟ್‌ಪಾತಿನ ಅಗಲ, ಎರಡು ಮರಗಳ ನಡುವಿನ ಹೆಜ್ಜೆ, ಎಲ್ಲ ಬರೆದುಕೊಳ್ಳಿ. ಪಕ್ಕದ ಮನೆಯ ಅಜ್ಜಿಯನ್ನು ಗೇಟು ಎಲ್ಲಿತ್ತೆಂದು ಕೇಳಿ; ಅವರು ಕೈ ತೋರಿಸುವ ದಿಕ್ಕು ಯಾವ ನಕ್ಷೆಯಲ್ಲೂ ಸಿಗದು. ಹಳಿಗೆ ಜಲ್ಲಿ ಬೇಕಾದಾಗ ಅಡುಗೆಮನೆಗೆ ಹೋಗಿ ಚಿರೋಟಿ ರವೆ ನೋಡಿ. ನಿಜವಾದ ಜಲ್ಲಿಯನ್ನು 160ರಿಂದ ಭಾಗಿಸಿದರೆ ಬರುವ ಗಾತ್ರ ಸರಿಸುಮಾರು ಅದೇ. ಆದರೆ ರವೆ ಹಾಕಬೇಡಿ, ಇರುವೆ ಬರುತ್ತದೆ. ಮಣ್ಣನ್ನು ಅಷ್ಟು ಸಣ್ಣಗೆ ಜರಡಿ ಹಿಡಿಯಿರಿ. ಎಂಜಿನ್ ಕೊನೆಗೆ ಬರಲಿ. ಬರದಿದ್ದರೂ ನಷ್ಟವಿಲ್ಲ.

ನನ್ನ ಬಾಗಿಲಿನ ಮೇಲೆ ಮನೆಗಳು ಎದ್ದಿವೆ, ಮಳೆಮರ ಅದರ ಪೂರ್ತಿ ಹರವಿನಲ್ಲಿ ನಿಂತಿದೆ, ಗೇಟಿನ ಬಳಿ ಸೈಕಲ್ಲಿನ ಹುಡುಗ ಒಂದು ಕಾಲೂರಿದ್ದಾನೆ. ಮೀಟರ್ ಗೇಜ್ ಹಳಿ ಹಾಕಿಯಾಗಿದೆ, ಗಾಡಿ ಇನ್ನೂ ತಯಾರಾಗುತ್ತಿದೆ. ಮೊನ್ನೆ ಬಂದ ಹಿರಿಯರೊಬ್ಬರು ಎಂದಿನಂತೆ "ಜಾಗ ಇಲ್ಲ ಅಲ್ವಾ" ಎಂದು ಶುರುಮಾಡಿದವರು, ಬಗ್ಗಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿಟ್ಟು, "ಇಲ್ಲೊಂದು ನಲ್ಲಿ ಇತ್ತು" ಎಂದರು. ಅವರು ಹೇಳಿದ ಜಾಗದಲ್ಲಿ ಒಂದು ಗುಂಡುಪಿನ್ ಚುಚ್ಚಿಟ್ಟುಕೊಂಡಿದ್ದೇನೆ. ನಲ್ಲಿಯ ಎತ್ತರ ಏಳು ಮಿ.ಮೀ. ಇಟ್ಟರೆ ಸಾಕು.